ಯಾರೂ ಇಲ್ಲದ ಕಡೆಗೆ

ಭವ್ಯಶ್ರೀ ಎಸೆದ ಚೆಂಡು ನೋಡುವುದಕ್ಕೆ ಎಷ್ಟು ಚೆಂದವೋ ಹಿಡಿಯುವುದಕ್ಕೆ ಅಷ್ಟೇ ಕಷ್ಟ ಎಂಬ ಮಾತು, ಎರಡನೇ ಪಂದ್ಯ ಮುಗಿಯುವಷ್ಟರಲ್ಲಿ ಸೈಬರ್‌ಜಯಾದ ಆ ಕಾಲೇಜಿನ ಕ್ಯಾಂಟೀನಿನವರೆಗೂ ಹಬ್ಬಿತ್ತು. ಚೆಂಡು ಅವಳ ಕಿವಿಯ ಪಕ್ಕದಿಂದ ಹೊರಡುತ್ತಿತ್ತು. ಗಿರಗಿರನೆ ತಿರುಗುತ್ತಾ, ದಾರ ಕಟ್ಟಿ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ಹೋಗಿ, ಒಂದು ನರಪಿಳ್ಳೆಯೂ ಇಲ್ಲದ ಕಡೆ ಹುಲ್ಲಿನ ಮೇಲೆ ದೊಪ್ಪೆಂದು ಬಿದ್ದು, ಎರಡು ಸಲ ಕುಪ್ಪಳಿಸಿ ಮಲಗಿಬಿಡುತ್ತಿತ್ತು. ನೋಡುವವರು ಆಹಾ ಎನ್ನಲು ಬಾಯಿ ತೆರೆದು ಅಯ್ಯೋ ಎಂದು ಮುಚ್ಚುತ್ತಿದ್ದರು.

ಆಟದ ಹೆಸರು ಫ್ಲ್ಯಾಗ್ ಫುಟ್‌ಬಾಲ್. ಅಮೆರಿಕದವರು ಒಬ್ಬರ ಮೇಲೊಬ್ಬರು ಬಿದ್ದು ಎಲುಬು ಮುರಿದುಕೊಳ್ಳುವ ಫುಟ್‌ಬಾಲನ್ನೇ ಸ್ವಲ್ಪ ಸಾಧು ಮಾಡಿ, ಹುಡುಗರು ಹುಡುಗಿಯರು ಸೇರಿ ಆಡುವ ಹಾಗೆ ಪಳಗಿಸಿದ್ದು. ಒಂದೊಂದು ಕಡೆಗೆ ಐದೈದು ಜನ. ಸುಲಿಯದ ತೆಂಗಿನಕಾಯಿಯ ಆಕಾರದ ಚೆಂಡು. ಎಲ್ಲರ ಸೊಂಟದ ಪಟ್ಟಿಯಲ್ಲೂ ಎರಡು ಬಟ್ಟೆಯ ಬಾಲ ನೇತಾಡುತ್ತಿರುತ್ತವೆ. ಚೆಂಡು ಹಿಡಿದವನ ಬಾಲ ಕಿತ್ತರೆ ಅವನ ಓಟ ಅಲ್ಲಿಗೆ ಮುಗಿಯಿತು. ಚೆಂಡನ್ನು ಸಾಗಿಸಿ ಸಾಗಿಸಿ ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಆರು ಅಂಕ. ಎಸೆಯುವ ಕೆಲಸ ಒಬ್ಬರದು, ಅವರನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಚೆಂಡು ಕೈಗೆ ಬಂದ ಏಳು ಸೆಕೆಂಡಿನೊಳಗೆ ಎಸೆದುಬಿಡಬೇಕು. ತಾನೇ ಹೊತ್ತುಕೊಂಡು ಓಡುವ ಹಾಗಿಲ್ಲ. ಉಳಿದವರು ಓಡಿಹೋಗಿ ಹಿಡಿಯಬೇಕು. ಆ ಒಬ್ಬರು ಭವ್ಯಶ್ರೀ, ವಯಸ್ಸು ಹತ್ತೊಂಬತ್ತು, ಊರು ಮೈಸೂರು.

ಅವಳು ಡೇಟಾ ಸೈನ್ಸ್ ಓದಲು ಸಮುದ್ರ ದಾಟಿ ಈ ಪರದೇಶಕ್ಕೆ ಬಂದು ಹದಿನಾಲ್ಕು ತಿಂಗಳಾಗಿತ್ತು. ಮೊದಲ ಹನ್ನೆರಡು ತಿಂಗಳು ಅವಳು ಯಾರಿಗೂ ಏನೂ ಆಗಿರಲಿಲ್ಲ. ತರಗತಿಯ ಮೂರನೇ ಸಾಲು, ಹಾಸ್ಟೆಲಿನ ನಾಲ್ಕನೇ ಮಹಡಿ, ನಡುವೆ ಕಾರುಗಳಿಗೆಂದೇ ಮಾಡಿದ ಅಗಲವಾದ ರಸ್ತೆಯ ಅಂಚಿನಲ್ಲಿ ಒಬ್ಬಳೇ ನಡಿಗೆ. ಒಂದು ಸಂಜೆ ಹಾಗೆ ನಡೆಯುತ್ತಿದ್ದಾಗ ಮೈದಾನದಿಂದ ಆ ವಿಚಿತ್ರ ಚೆಂಡು ಉರುಳಿ ಕಾಲಿಗೆ ತಗುಲಿತು. ಎತ್ತಿಕೊಂಡು ವಾಪಸು ಎಸೆದಳು. ಅದು ಕಾಯುತ್ತಿದ್ದ ಹುಡುಗರ ತಲೆಯ ಮೇಲೆ ಹಾದು, ಮೈದಾನವನ್ನು ಪೂರ್ತಿ ದಾಟಿ, ಆಚೆ ಬದಿಯಲ್ಲಿ ಕುಳಿತಿದ್ದ ಗುರುದತ್ ಸರ್ ಅವರ ಛತ್ರಿಯನ್ನು ಮಗುಚಿ ಹಾಕಿತು. ಸರ್ ಛತ್ರಿಯನ್ನು ಬಿಟ್ಟು ಹುಡುಗಿಯನ್ನು ಹುಡುಕಿಕೊಂಡು ಬಂದರು.

ಗುರುದತ್ ಸರ್ ತುಮಕೂರಿನವರು, ಸಂಖ್ಯಾಶಾಸ್ತ್ರ ಕಲಿಸುವವರು. ಐವತ್ತೆರಡು ವರ್ಷದಲ್ಲಿ ಯಾವ ಚೆಂಡನ್ನೂ ಮುಟ್ಟಿದವರಲ್ಲ. ಪ್ರತಿ ತಂಡಕ್ಕೂ ಒಬ್ಬ ಅಧ್ಯಾಪಕರು ಇರಬೇಕೆಂದು ಕಾಲೇಜಿನಲ್ಲಿ ಸಭೆ ಸೇರಿದಾಗ, ಎಲ್ಲರೂ ತಮಗೇಕೆ ಆಗುವುದಿಲ್ಲ ಎಂದು ವಿವರಿಸಿದ್ದರು, ಇವರೊಬ್ಬರು ಸುಮ್ಮನಿದ್ದರು. ಸುಮ್ಮನಿದ್ದವರ ತಲೆಗೆ ಕಟ್ಟುವುದು ಸಭೆಗಳ ಪದ್ಧತಿ. ಕಟ್ಟಿದ ಮೇಲೆ ಅವರು ಅದನ್ನು ವ್ರತದ ಹಾಗೆ ಹಿಡಿದರು. ವಿಡಿಯೊಗಳನ್ನು ನೋಡಿ, ಪುಸ್ತಕ ತರಿಸಿ ಓದಿ, ಪ್ರತಿ ಎಸೆತವನ್ನೂ ಟ್ಯಾಬಿನಲ್ಲಿ ಬರೆದುಕೊಂಡು, ಹಣೆಯ ಕುಂಕುಮ ಬೆವರಿಗೆ ಇಳಿದರೂ ಒರೆಸಿಕೊಳ್ಳದೆ ಅಂಚಿನಲ್ಲಿ ಕೂರುತ್ತಿದ್ದರು. ಚಿಕ್ಕಂದಿನಲ್ಲಿ ದೇವಸ್ಥಾನದ ಜಗಲಿಯಲ್ಲಿ ತಂದೆ ಕಾವ್ಯ ವಾಚನ ಮಾಡುವಾಗ ಮುಂದೆ ಕೂತು ಕೇಳಿ ಬೆಳೆದವರಾದ್ದರಿಂದ, ಆಟ ನೋಡುವಾಗಲೂ ಅವರ ಬಲಗೈ ತೊಡೆಯ ಮೇಲೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ತಾಳ ಹಾಕುತ್ತಿತ್ತು.

ಭವ್ಯಶ್ರೀಯನ್ನು ಸೇರಿಸಿಕೊಂಡಾಗ ತಂಡದವರಿಗೂ ಮೊದಲು ಸಂಭ್ರಮವೇ. ಕಾರಿಡಾರಿನಲ್ಲಿ ಗುರುತೇ ಇಲ್ಲದವರು ಅವಳನ್ನು ಕ್ವಾರ್ಟರ್‌ಬ್ಯಾಕ್ ಎನ್ನುವುದನ್ನೇ ಮೊಟಕು ಮಾಡಿ ಕ್ಯೂಬಿ ಎಂದು ಕರೆದು ಕೈ ಬೀಸತೊಡಗಿದರು. ಹದಿನಾಲ್ಕು ತಿಂಗಳಲ್ಲಿ ಈ ಊರು ಅವಳಿಗೆ ಇಟ್ಟ ಹೆಸರು ಅದೊಂದೇ. ಅಮ್ಮನಿಗೆ ಫೋನಿನಲ್ಲಿ ಹೇಳಿದಳು. ಅಮ್ಮ ಬೀದಿಗೆಲ್ಲ ಹೇಳಿದಳು. ಆಮೇಲೆ ಪಂದ್ಯಗಳು ಶುರುವಾದವು. ಪುತ್ರಜಯಾದ ತಂಡದ ಎದುರು ಸೊನ್ನೆಗೆ ಇಪ್ಪತ್ತಾರು. ನಿಲಾಯಿಯವರ ಎದುರು ಆರಕ್ಕೆ ಇಪ್ಪತ್ತನಾಲ್ಕು. ಆ ಆರು ಕೂಡ ನಾಯಕ ರೋಹಿತ ಎದುರಾಳಿಯ ಚೆಂಡನ್ನು ಕಸಿದುಕೊಂಡು ಓಡಿ ತಂದದ್ದು.

ರೋಹಿತನ ಅಪ್ಪ ಅಮ್ಮ ಹಾಸನದವರು. ಅವನು ಇಲ್ಲೇ ಹುಟ್ಟಿ, ಮನೆಯಲ್ಲಿ ಕನ್ನಡ ಕೇಳಿಸಿಕೊಂಡು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾ ಬೆಳೆದವನು. ಒಳ್ಳೆಯ ಓಟಗಾರ, ಕೈಗೆ ಬಂದದ್ದನ್ನು ಬಿಡುವವನಲ್ಲ, ಬರುತ್ತಿರಲಿಲ್ಲ ಅಷ್ಟೆ. ನಿಲಾಯಿಯ ಪಂದ್ಯ ಮುಗಿದ ಮೇಲೆ ಅವನು ಎಲ್ಲರ ಎದುರಿಗೇ ಸರ್ ಹತ್ತಿರ ಹೋಗಿ ತನ್ನ ಅಹವಾಲು ಇಟ್ಟ. ತನ್ನ ಸುತ್ತ ಯಾರೂ ಇರಲಿಲ್ಲ, ತಾನು ಎರಡೂ ಕೈ ಎತ್ತಿ ನಿಂತಿದ್ದೆ, ಅವಳು ತನ್ನನ್ನು ಕಣ್ಣಿಟ್ಟು ನೋಡಿದಳು, ನೋಡಿ ಬೇರೆ ಕಡೆಗೆ ಎಸೆದಳು; ಒಂದು ಸಲ ಅಲ್ಲ, ಹನ್ನೊಂದು ಸಲ. ಇನ್ನು ಮುಂದೆ ತಾನೇ ಎಸೆಯುತ್ತೇನೆ ಎಂದ. ಭವ್ಯಶ್ರೀ ಶೂಸಿನ ದಾರ ಬಿಚ್ಚುತ್ತಾ ಕೇಳಿಸಿಕೊಂಡಳು. ಬಿಚ್ಚಿ ಮುಗಿದರೂ ಬಗ್ಗಿಯೇ ಇದ್ದಳು.

ಸರ್ ಸ್ವಲ್ಪ ಹೊತ್ತು ತೊಡೆಯ ಮೇಲೆ ತಾಳ ಹಾಕಿದರು. ಮೂರು ವಾರಕ್ಕೆ ಮೆಲಾಕಾದ ಮೆಡಿಕಲ್ ಕಾಲೇಜಿನವರ ಜೊತೆ ಪಂದ್ಯವಿದೆ, ಅದೊಂದನ್ನು ಭವ್ಯಶ್ರೀಯೇ ಆಡಿಸಲಿ, ಗೆದ್ದರೆ ಸರಿ, ಸೋತರೆ ಕ್ವಾರ್ಟರ್‌ಬ್ಯಾಕ್ ನೀನೇ, ಅವಳು ಬದಲಿ ಆಟಗಾರ್ತಿಯಾಗಿ ಕೂರುತ್ತಾಳೆ ಎಂದು ತೀರ್ಮಾನ ಹೇಳಿದರು. ರೋಹಿತ ಒಪ್ಪಿದ. ಭವ್ಯಶ್ರೀಯನ್ನು ಯಾರೂ ಕೇಳಲಿಲ್ಲ. ಆ ರಾತ್ರಿ ಅಮ್ಮ ಫೋನು ಮಾಡಿ, ಏನಾಯ್ತೇ ಮ್ಯಾಚು ಅಂದರೆ, ತುಂಬಾ ಸೆಕೆ ಇತ್ತಮ್ಮ ಅಂದಳು.

ಮಾರನೆಯ ದಿನ ಸರ್ ಅವಳನ್ನು ತಮ್ಮ ಕೋಣೆಗೆ ಕರೆಸಿದರು. ಈಗಲೇ ತೆಗೆದುಹಾಕುತ್ತಾರೆ ಎಂದುಕೊಂಡೇ ಹೋದಳು. ಮೇಜಿನ ಮೇಲೆ ಮೈದಾನದ ನಕ್ಷೆಯೊಂದು ಹರಡಿತ್ತು. ಅದರ ಮೇಲೆ ಕೆಂಪು ಚುಕ್ಕಿಗಳು. ಎರಡು ಪಂದ್ಯಗಳಲ್ಲಿ ಅವಳು ಎಸೆದದ್ದು ನಲವತ್ತನಾಲ್ಕು, ಹಿಡಿತಕ್ಕೆ ಸಿಕ್ಕಿದ್ದು ಒಂಬತ್ತು, ನೆಲಕ್ಕೆ ಬಿದ್ದ ಮೂವತ್ತೈದಕ್ಕೂ ಒಂದೊಂದು ಚುಕ್ಕಿ ಇಟ್ಟಿದ್ದಾರೆ. ಅವಳಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಸರ್ ಕನ್ನಡಕ ತೆಗೆದು ನಕ್ಷೆಯ ಕಡೆ ಬೆರಳು ತೋರಿಸಿದರು.

"ಇದು ನೋಡಮ್ಮ. ಕೈ ತಪ್ಪಿ ಎಸೆದಿದ್ರೆ ಚುಕ್ಕಿಗಳು ಚೆಲ್ಲಾಪಿಲ್ಲಿ ಇರಬೇಕಿತ್ತು. ಇದು ಹೆಂಗಿದೆ? ರಂಗೋಲಿ ಇದ್ದಂಗಿದೆ. ಮೂಲೆಗೆ ಇಷ್ಟು, ಇಬ್ಬರ ನಡುವೆ ಇಷ್ಟು, ಹಿಂದುಗಡೆ ಇಷ್ಟು. ನೀನು ಏನು ನೋಡಿ ಎಸೀತೀಯ?"

"ಖಾಲಿ ಜಾಗ ನೋಡಿ ಸರ್."

"ಖಾಲಿ ಜಾಗಕ್ಕೆ ಯಾಕೆ?"

"ಅಲ್ಲಿ ಯಾರೂ ಹಿಡಿಯಕ್ಕಾಗಲ್ಲ ಅಂತ."

ಸರ್ ಕನ್ನಡಕ ಹಾಕಿಕೊಂಡರು, ಮತ್ತೆ ತೆಗೆದರು.

"ಹಿಡೀಬೇಕಲ್ಲಮ್ಮ," ಎಂದರು, ತುಂಬಾ ಮೆತ್ತಗೆ.

ಆಗ ಭವ್ಯಶ್ರೀಯ ಬಾಯಿಂದ ಕತೆಯೆಲ್ಲ ಹೊರಬಂತು. ಐದನೇ ತರಗತಿಯಿಂದ ಎಂಟು ವರ್ಷ ಅವಳು ಥ್ರೋಬಾಲ್ ಆಡಿದವಳು. ಶಾಲೆಗೂ ಆಮೇಲೆ ಪಿಯು ಕಾಲೇಜಿಗೂ ನಾಯಕಿ. ನೆಟ್ಟಿನ ಆಚೆಯಿಂದ ಬಂದ ಚೆಂಡನ್ನು ಎರಡು ಕೈಯಲ್ಲಿ ಹಿಡಿದು ಮೂರು ಸೆಕೆಂಡಿನೊಳಗೆ ಒಂದು ಕೈಯಲ್ಲಿ ಭುಜದ ಮೇಲಿಂದ ವಾಪಸು ಎಸೆಯಬೇಕು. ಎಸೆಯುವುದು ಎಲ್ಲಿಗೆ? ಯಾರೂ ಇಲ್ಲದ ಕಡೆಗೆ. ಮನುಷ್ಯರು ನಿಂತಿರುವ ಕಡೆಗೆ ಎಸೆದರೆ ಅವರು ಹಿಡಿದುಬಿಡುತ್ತಾರೆ, ಅದಕ್ಕಿಂತ ದಡ್ಡತನ ಇನ್ನೊಂದಿಲ್ಲ. ಇನ್ನು ತನ್ನ ಪಕ್ಕದಲ್ಲೇ ನಿಂತ ತನ್ನವರಿಗೆ ಎಸೆದುಕೊಡುವುದಂತೂ ಫೌಲು. ಎಂಟು ವರ್ಷದಲ್ಲಿ ಅವಳು ಒಂದೇ ಒಂದು ಚೆಂಡನ್ನೂ ತನ್ನ ತಂಡದವರ ಕೈಗೆ ಕೊಟ್ಟಿರಲಿಲ್ಲ. ಈ ಆಟದಲ್ಲಿ ಕೊಡಬೇಕೆಂದು ತಲೆಗೆ ಗೊತ್ತು ಸರ್, ಆದರೆ ರೋಹಿತ ಕೈ ಎತ್ತಿ ನಿಂತ ತಕ್ಷಣ ಕೈ ತಾನಾಗಿ ಅವನನ್ನು ತಪ್ಪಿಸುತ್ತದೆ ಎಂದಳು.

ಸರ್ ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ತೊಡೆಯ ಮೇಲಿನ ತಾಳ ಶುರುವಾಯಿತು.

"ನಿನ್ನ ಚುಕ್ಕಿಗಳೇನೂ ತಪ್ಪಿಲ್ಲ," ಎಂದರು ಕೊನೆಗೆ. "ಎದುರಾಳಿ ಇಲ್ಲದ ಜಾಗ ನಿನಗೆ ಮೂರು ಸೆಕೆಂಡಿಗೆ ಕಾಣ್ತದೆ. ಪುಸ್ತಕದಲ್ಲಿ ಇದನ್ನು ಕಲಿಯಕ್ಕೆ ನಾಲ್ಕು ವರ್ಷ ಬೇಕು ಅಂತ ಬರೆದಿದ್ದಾರೆ. ಅಲ್ಲಿ ನಮ್ಮೋರು ಇಲ್ಲ, ಅಷ್ಟೇ ತೊಂದರೆ. ನಿನ್ನನ್ನ ರಿಪೇರಿ ಮಾಡೋದು ಬೇಡ. ಅವರನ್ನ ಮಾಡೋಣ."

ಮನೆಗೆ ಹೋಗಿ ಸರ್ ಇದನ್ನು ಹೆಂಡತಿ ಮಹಾಲಕ್ಷ್ಮಿಯವರಿಗೆ ಹೇಳಿದರಂತೆ. ಅವರು ಹಿಟ್ಟು ಕಲಸುತ್ತಿದ್ದವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಹಿಟ್ಟೆಲ್ಲ ಮುಖಕ್ಕೆ ಮೆತ್ತಿಕೊಂಡರಂತೆ. ಅವರೂ ಒಂದು ಕಾಲದಲ್ಲಿ ತುಮಕೂರು ಜಿಲ್ಲೆಗೆ ಥ್ರೋಬಾಲ್ ಆಡಿದವರು. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಸರ್ ಅದನ್ನು ಒಂದು ಸಲವೂ ವಿಚಾರಿಸಿರಲಿಲ್ಲ. ಮಾರನೆಯ ಸಂಜೆ ಅವರು ಚೂಡಿದಾರದ ಮೇಲೆ ಶೂಸು ಹಾಕಿಕೊಂಡು, ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ನೆಟ್ಟು ಹೊತ್ತುಕೊಂಡು ಮೈದಾನಕ್ಕೇ ಬಂದರು.

ಏರ್ಪಾಡು ಹೀಗಿತ್ತು. ನೆಟ್ಟಿನ ಈಚೆಗೆ ಮಹಾಲಕ್ಷ್ಮಿ ಮತ್ತು ಭವ್ಯಶ್ರೀ, ಆಚೆಗೆ ಬದಲಿ ಆಟಗಾರರೂ ಸೇರಿ ತಂಡದ ಏಳು ಜನ. ಇವರಿಬ್ಬರು ಎಸೆದದ್ದನ್ನು ಅವರು ಹಿಡಿಯಬೇಕು. ಆಂಟಿಯ ವಯಸ್ಸಿಗೆ ಮರ್ಯಾದೆ ಕೊಟ್ಟು ಮೆಲ್ಲಗೆ ಆಡೋಣ ಎಂದು ರೋಹಿತ ತನ್ನವರಿಗೆ ಇಂಗ್ಲಿಷಿನಲ್ಲಿ ಹೇಳಿದ್ದು ಆಂಟಿಗೂ ಕೇಳಿಸಿತು. ಮೊದಲ ಚೆಂಡು ಅವನ ಎಡಕ್ಕೆ ಬಿತ್ತು. ಎಡಕ್ಕೆ ಸರಿದ, ಎರಡನೆಯದು ಬಲಕ್ಕೆ ಬಿತ್ತು. ನಡುವೆ ನಿಂತ, ಮೂರನೆಯದು ಬೆನ್ನ ಹಿಂದೆ ಬಿತ್ತು. ಹದಿನೈದಕ್ಕೆ ಎರಡು. ಆ ಎರಡು ಕೂಡ ಆಂಟಿ ನಗು ತಡೆಯಲಾಗದೆ ನೆಟ್ಟಿಗೆ ಹೊಡೆದದ್ದು. ಆಟ ಮುಗಿದ ಮೇಲೆ ಅವರು ರೋಹಿತನ ಭುಜ ತಟ್ಟಿ, ಪಾಪ, ಓದುವ ಹುಡುಗರು, ಪುಷ್ಟಿಯಾಗಿ ಊಟ ಮಾಡಿ ಎಂದು ಹೇಳಿ ನೆಟ್ಟು ಸುತ್ತಿಕೊಂಡು ಹೋದರು.

ಒಂದು ವಾರ ಹೀಗೇ ನಡೆಯಿತು. ಹುಡುಗರ ಮೊಣಕಾಲು ಕೆಂಪಾಯಿತು, ಮುಖ ಅದಕ್ಕಿಂತ ಕೆಂಪಾಯಿತು. ಆದರೆ ತಾವು ಎಲ್ಲಿ ನಿಂತರೆ ಎಲ್ಲಿ ತೂತು ಬೀಳುತ್ತದೆ ಎಂಬುದು ಮೆಲ್ಲಗೆ ಅವರಿಗೂ ಕಾಣತೊಡಗಿತು. ಎರಡನೇ ವಾರ ನೆಟ್ಟು ತೆಗೆದು ತೆಂಗಿನಕಾಯಿ ಚೆಂಡು ತಂದರು. ಈಗ ಭವ್ಯಶ್ರೀ ಎಸೆಯುವ ಖಾಲಿ ಜಾಗಕ್ಕೆ, ಚೆಂಡಿಗಿಂತ ಮುಂಚೆ ಓಡಿ ಮುಟ್ಟಬೇಕು. ಅಲ್ಲೇ ಕಷ್ಟವಾದದ್ದು. ಚೆಂಡು ಅವಳ ಕೈ ಬಿಟ್ಟ ಮೇಲೆ ಓಡಿದರೆ ಹೊತ್ತು ಮೀರುತ್ತಿತ್ತು; ಬಿಡುವ ಮೊದಲೇ ಓಡಲು, ಎಲ್ಲಿಗೆ ಎಂದು ಹೇಳುವವರು ಯಾರು?

ಗುರುದತ್ ಸರ್ ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿದರು. ಅವರು ಅಷ್ಟು ಮಾತಾಡಿದ್ದು ಆ ವರ್ಷದಲ್ಲೇ ಮೊದಲು. ಮಾತು ಒಳಗಿಂದ ಬಂದದ್ದರಿಂದ ಕನ್ನಡದಲ್ಲೇ ಬಂತು.

"ಕಾವ್ಯ ಓದೋದನ್ನ ಕೇಳೋರು ಸಾಲು ಮುಗಿದ ಮೇಲೆ ತಲೆ ತೂಗಲ್ಲಪ್ಪ. ಮುಗಿಯೋ ಜಾಗ ಕಿವಿಗೆ ಮೊದಲೇ ಗೊತ್ತಿರ್ತದೆ. ಓದೋರು ಅಲ್ಲಿಗೆ ಬರೋದಕ್ಕೂ ಇವರು ತಲೆ ತೂಗೋದಕ್ಕೂ ಸರಿ ಹೋಗ್ತದೆ. ನೀವು ಚೆಂಡು ನೋಡಬೇಡಿ. ಅದು ಎಲ್ಲಿ ಮುಗೀಬೇಕೋ ಅಲ್ಲಿ ಹೋಗಿ ಇರಿ."

ಚೆಂಡನ್ನು ನೆಲದಿಂದ ಅವಳಿಗೆ ಎತ್ತಿ ಕೊಡುವ ಹುಡುಗ ಹಫೀಜ್, ಈ ದೇಶದವನೇ, ಕ್ಲಾಂತಾನ್ ಕಡೆಯವನು, ಸರ್ ಏನೆಂದರು ಎಂದು ರೋಹಿತನನ್ನು ಕೇಳಿದ. ಜೋರಾಗಿ ಓಡಬೇಕಂತೆ ಎಂದು ರೋಹಿತ ಅನುವಾದಿಸಿದ. ಅಷ್ಟುದ್ದದ ಮಾತಿಗೆ ಇಷ್ಟೇನಾ ಎಂದು ಹಫೀಜ್‌ಗೆ ಸಂಶಯ ಬಂದು ಭವ್ಯಶ್ರೀಯ ಕಡೆ ನೋಡಿದ. ಅವಳು ತನಗೆ ಬಂದ ಹಾಗೆ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದಳು. ಹಫೀಜ್ ಹುಲ್ಲು ಕೀಳುತ್ತಾ ಕೇಳಿಸಿಕೊಂಡ. ತನ್ನ ತಾತ ಬೆಳಗಿನ ಜಾವ ಕುರಾನ್ ಓದುವಾಗ ತನಗೂ ಹಾಗೇ ಆಗುತ್ತದೆ, ಆಯತ್ತಿನ ಸಾಲು ಎಲ್ಲಿ ನಿಲ್ಲುತ್ತದೆಂದು ಉಸಿರಿಗೇ ಗೊತ್ತಾಗುತ್ತದೆ, ಅದನ್ನು ಕಾಲಿಗೆ ಕಲಿಸಬೇಕು, ಅಷ್ಟೆ ತಾನೇ ಎಂದ.

ಸರಿ, ಎದ್ದು ಹೋಗಿ ಚೆಂಡು ಕೊಟ್ಟ. ಕೊಟ್ಟವನೇ ತಲೆ ತಿರುಗಿಸದೆ ಓಡಿದ. ಬಲಗಡೆಯ ಹಿಂದಿನ ಮೂಲೆಯಲ್ಲಿ, ಯಾರೂ ಇಲ್ಲದ ಕಡೆ, ಹೋಗಿ ತಿರುಗಿ ಕೈ ಚಾಚಿದ. ಚೆಂಡು ತನ್ನದೇ ಮನೆಗೆ ಬಂದ ಹಾಗೆ ಬಂದು ಕೈಯಲ್ಲಿ ಕುಳಿತಿತು. ಹಫೀಜ್ ಚೆಂಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ, ಬೇರೆ ಯಾರದೋ ಇರಬೇಕೆಂಬಂತೆ. ಮಸೀದಿಯಿಂದ ಸಂಜೆಯ ಮಗ್ರಿಬ್ ಬಾಂಗು ಕೇಳಿದಾಗ ಅವನು ಅಭ್ಯಾಸ ಬಿಟ್ಟು ಹೋಗುವ ಹೊತ್ತಿಗೆ ಹನ್ನೆರಡರಲ್ಲಿ ಎಂಟು ಹಿಡಿದಿದ್ದ. ಉಳಿದವರು ನಾಚಿಕೆಗೆ ಬಿದ್ದು ಕಲಿತರು. ರೋಹಿತ ಕೂಡ ಕಲಿತ. ಆದರೆ ಪ್ರತಿ ಸಲ ಓಡುವ ಮುನ್ನ ಅವಳ ಕಡೆ ಒಮ್ಮೆ ನೋಡುತ್ತಿದ್ದ. ಆ ನೋಟದ ಅರ್ಥ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಮೆಲಾಕಾ ಮುಗಿಯಲಿ, ಅಷ್ಟೆ.

ಮೆಲಾಕಾಕ್ಕೆ ವ್ಯಾನಿನಲ್ಲಿ ಹೋದರು. ಮೆಡಿಕಲ್ ಕಾಲೇಜಿನ ಮೈದಾನ ಚೊಕ್ಕವಾಗಿತ್ತು. ಅಂಚಿನಲ್ಲಿ ನಿಂತ ವಿದ್ಯಾರ್ಥಿಗಳಲ್ಲಿ ಕರ್ನಾಟಕದಿಂದ ಬಂದವರು ಎಷ್ಟೋ ಜನ. ಸಮುದ್ರದ ಗಾಳಿ ಬೀಸುತ್ತಿತ್ತು. ಮೊದಲ ಹತ್ತು ನಿಮಿಷ ಸೈಬರ್‌ಜಯಾದವರು ಕನಸಿನಲ್ಲಿ ಆಡುವ ಹಾಗೆ ಆಡಿದರು. ಭವ್ಯಶ್ರೀ ಎಸೆದಳು, ಹಫೀಜ್ ಅಲ್ಲಿದ್ದ. ಎಸೆದಳು, ಮತ್ತೊಬ್ಬ ಅಲ್ಲಿದ್ದ. ಗೆರೆ ದಾಟಿ ಆರು, ಮೇಲೊಂದು ಹೆಚ್ಚುವರಿ ಸೇರಿ ಏಳು. ಸರ್ ತಾಳ ಎರಡನೇ ಕಾಲದ ವೇಗಕ್ಕೆ ಏರಿತ್ತು.

ಆಗ ಮೆಲಾಕಾದವರು ಒಬ್ಬ ಹುಡುಗನನ್ನು ಹೊರಗೆ ಕರೆದು ಒಬ್ಬ ಹುಡುಗಿಯನ್ನು ಒಳಗೆ ಬಿಟ್ಟರು. ಗಿಡ್ಡಗೆ, ಕನ್ನಡಕ ಹಾಕಿಕೊಂಡು, ಜಡೆಯನ್ನು ಸುತ್ತಿ ಕಟ್ಟಿಕೊಂಡವಳು. ಅವಳು ಯಾರ ಹಿಂದೆಯೂ ಓಡಲಿಲ್ಲ. ಬಲಗಡೆಯ ಹಿಂದಿನ ಮೂಲೆಗೆ ಹೋಗಿ ಬಸ್ಸಿಗೆ ಕಾಯುವವಳಂತೆ ನಿಂತಳು. ಭವ್ಯಶ್ರೀ ಎಸೆದ ಚೆಂಡು ಅವಳ ಕೈಗೇ ಹೋಯಿತು. ಹಿಡಿದು ನೇರ ಓಡಿ ಗೆರೆ ದಾಟಿದಳು. ಮುಂದಿನ ಸಲ ಆ ಮೂಲೆ ಬೇಡವೆಂದು ಭವ್ಯಶ್ರೀ ನಡುವಿನ ಸಂದಿಗೆ ಎಸೆದಳು. ಕನ್ನಡಕದವಳು ಅಲ್ಲಿಗೂ ಮುಂಚೆಯೇ ಬಂದಿದ್ದಳು, ಹಿಡಿದು ಮತ್ತೆ ಗೆರೆ ದಾಟಿದಳು. ಏಳಕ್ಕೆ ಹನ್ನೆರಡು.

ವಿರಾಮದಲ್ಲಿ ನೀರಿನ ಡ್ರಮ್ಮಿನ ಹತ್ತಿರ ಅವಳೇ ಬಂದು ಮಾತಾಡಿಸಿದಳು.

"ನೀನು ಥ್ರೋಬಾಲ್ ಅಲ್ವಾ? ಎಲ್ಲಿ?"

"ಮೈಸೂರು," ಎಂದಳು ಭವ್ಯಶ್ರೀ.

"ನಾನು ಉಡುಪಿ. ಸಮೀಕ್ಷಾ. ಅಲ್ಲ ಮಾರಾಯ್ತಿ, ನೀನು ಭುಜ ಎತ್ತುವಾಗಲೇ ನಂಗೆ ಗೊತ್ತಾಯ್ತು. ನಿಮ್ಮ ಕಡೆಯವರೆಲ್ಲ ಹೀಗೇ ಎಸೆಯುದು. ಮೊದಲು ಬಲದ ಮೂಲೆ, ಆಮೇಲೆ ಮಧ್ಯ, ಆಮೇಲೆ ಎಡದ ಮೂಲೆ. ಎಂಥ ಬೇಸರ ಬರುದಿಲ್ವಾ ನಿಂಗೆ?"

ಎಡದ ಮೂಲೆಯನ್ನು ಭವ್ಯಶ್ರೀ ಕೊನೆಗೆಂದು ಉಳಿಸಿಕೊಂಡಿದ್ದು ನಿಜವೇ. ವಾಪಸು ಬಂದು ಸರ್‌ಗೆ ವಿಷಯ ಹೇಳಿದಳು. ಸರ್ ನಕ್ಷೆ ತೆಗೆದರು, ನೋಡಿದರು, ಮಡಿಸಿಟ್ಟರು. ತಮ್ಮ ಪುಸ್ತಕಗಳಲ್ಲಿ ಉಡುಪಿಯ ಬಗ್ಗೆ ಏನೂ ಇಲ್ಲ ಎಂದರು.

ದ್ವಿತೀಯಾರ್ಧ ಪೂರ್ತಿ ಸಮೀಕ್ಷಾ ಅವಳ ಮುಂದಿನ ಯೋಚನೆಯಲ್ಲಿ ನಿಂತಿರುತ್ತಿದ್ದಳು. ಚೆಂಡು ಕಸಿಯಲು ಅವಳಿಗೆ ಮತ್ತೆ ಆಗಲಿಲ್ಲ, ಆದರೆ ಹಫೀಜನಿಗೂ ಹಿಡಿಯಲು ಆಗಲಿಲ್ಲ. ಮೆಲಾಕಾದವರ ಎಸೆತಗಳನ್ನು ರೋಹಿತ ಒಬ್ಬನೇ ಅಡ್ಡ ಬಿದ್ದು, ಬಾಲ ಕಿತ್ತು, ಅಂಗಿ ಹರಿದುಕೊಂಡು ತಡೆದ. ಅವನು ಹಾಗೆ ಹೋರಾಡುವುದನ್ನು ನೋಡಿ ಭವ್ಯಶ್ರೀಗೆ ಒಂದು ಕ್ಷಣ ವಿಚಿತ್ರವೆನಿಸಿತು: ಈ ಪಂದ್ಯ ಸೋತರೆ ಅವನಿಗೇ ಲಾಭ, ಅದನ್ನು ಅವನು ಮರೆತೇಬಿಟ್ಟಿದ್ದ.

ಏಳಕ್ಕೆ ಹನ್ನೆರಡರಲ್ಲೇ ಆಟ ಕೊನೆಯ ನಿಮಿಷಕ್ಕೆ ಬಂತು. ಗೆರೆಗೆ ಹದಿನೈದು ಗಜ ಉಳಿದಿತ್ತು. ಒಂದೇ ಒಂದು ಎಸೆತಕ್ಕೆ ಸಮಯ. ಅಂಚಿನಲ್ಲಿ ಮಹಾಲಕ್ಷ್ಮಿ ಆಂಟಿ ಎರಡೂ ಕೈ ಮುಗಿದಿದ್ದರು. ಸರ್ ತೊಡೆಯ ಮೇಲಿನ ಕೈ ನಿಂತಿತ್ತು.

ಹಫೀಜ್ ಚೆಂಡು ಕೊಟ್ಟು ಓಡಿದ. ಒಂದು. ಬಲದ ಮೂಲೆಗೆ ಮೆಲಾಕಾದ ಒಬ್ಬ ಹೋಗಿಯಾಗಿತ್ತು. ಎರಡು. ನಡುವಿನ ಸಂದಿಯಲ್ಲಿ ಇನ್ನೊಬ್ಬ. ಸಮೀಕ್ಷಾ ಎಲ್ಲರಿಗೂ ಪಾಠ ಹೇಳಿಕೊಟ್ಟಿದ್ದಳು. ಮೂರು. ಎಡದ ಮೂಲೆಯಲ್ಲಿ ಸ್ವತಃ ಸಮೀಕ್ಷಾ, ಬಸ್ಸಿಗೆ ಕಾಯುತ್ತಾ. ಎಲ್ಲೂ ಖಾಲಿ ಜಾಗವಿಲ್ಲ. ಭವ್ಯಶ್ರೀಯ ಕೈ ಮೇಲಕ್ಕೆ ಎದ್ದಿತ್ತು. ಎಂಟು ವರ್ಷದ ಅಭ್ಯಾಸ, ಬಿಡು ಬಿಡು ಎಂದು ಮೊಣಕೈ ತುಡಿಯುತ್ತಿತ್ತು. ಅವಳು ಬಿಡಲಿಲ್ಲ. ನಾಲ್ಕು. ಜೀವಮಾನದಲ್ಲಿ ಅವಳು ಚೆಂಡನ್ನು ನಾಲ್ಕು ಸೆಕೆಂಡು ಹಿಡಿದವಳಲ್ಲ. ಈಗ ಸೀಟಿ ಊದುತ್ತಾರೆ, ಫೌಲ್ ಎನ್ನುತ್ತಾರೆ ಎಂದು ಕಾದಳು. ಯಾರೂ ಊದಲಿಲ್ಲ. ಮೂರರ ಆಚೆಗೂ ಇಷ್ಟೊಂದು ಹೊತ್ತು ಇದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ. ಐದು. ಆ ಹೊತ್ತಿನಲ್ಲಿ ಅವಳು ಮೊದಲ ಸಲ ಜಾಗಗಳನ್ನು ಬಿಟ್ಟು ಮನುಷ್ಯರನ್ನು ನೋಡಿದಳು.

ಗೆರೆಯ ಆಚೆ, ಸರಿಯಾಗಿ ಎದುರಿಗೆ, ರೋಹಿತ ನಿಂತಿದ್ದ. ಸಂದಿಗೆ ಓಡಿಹೋಗಿ, ಅಲ್ಲಿ ಬೇರೆಯವರು ಇರುವುದನ್ನು ಕಂಡು, ಮುಂದೇನು ಎಂದು ತಿಳಿಯದೆ ನಿಂತುಬಿಟ್ಟಿದ್ದ. ಕೈಗಳು ಕೂಡ ಕೆಳಗಿದ್ದವು. ಅವನ ಸುತ್ತ ಎಂಟು ಹೆಜ್ಜೆ ಯಾರೂ ಇರಲಿಲ್ಲ, ಏಕೆಂದರೆ ಈ ಹುಡುಗಿ ಮನುಷ್ಯರು ಇರುವ ಕಡೆಗೆ ಎಸೆಯುವುದಿಲ್ಲ ಎಂದು ಮೆಲಾಕಾದವರಿಗೆಲ್ಲ ಖಾತ್ರಿಯಾಗಿತ್ತು.

ಭವ್ಯಶ್ರೀ ಕಣ್ಣು ಅರ್ಧ ಮುಚ್ಚಿ, ಮಾಡಬಾರದ್ದನ್ನು ಮಾಡುವವಳ ಹಾಗೆ, ಅವನ ಎದೆಗೇ ಎಸೆದಳು. ಇದ್ದ ಶಕ್ತಿಯೆಲ್ಲ ಹಾಕಿ ಎಸೆದಳು. ಚೆಂಡು ಧಡ್ ಎಂದು ಎದೆಗೆ ಬಡಿಯಿತು. ರೋಹಿತನ ಬಾಯಿಂದ ಗಾಳಿ ಹೊರಟಿತು, ಕೈಗಳು ತಾವಾಗಿ ಬಂದು ಚೆಂಡನ್ನು ಅಪ್ಪಿಕೊಂಡವು, ಮತ್ತು ಅವನು ಅದರ ಸಮೇತ ಹುಲ್ಲಿನ ಮೇಲೆ ಕುಳಿತುಬಿಟ್ಟ. ಕುಳಿತದ್ದು ಗೆರೆಯ ಆಚೆಗೇ. ಹದಿಮೂರಕ್ಕೆ ಹನ್ನೆರಡು.

ಸಮೀಕ್ಷಾ ಎಡದ ಮೂಲೆಯಿಂದ ನಿಧಾನವಾಗಿ ನಡೆದು ಬಂದಳು. ಸೋತದ್ದಕ್ಕಿಂತ ಬೇರೆ ಏನೋ ಅವಳನ್ನು ಬಾಧಿಸುತ್ತಿತ್ತು.

"ನಿಮ್ಮವನಿಗೇ ಕೊಟ್ಟಿಯಲ್ಲ," ಎಂದಳು. "ನಾಚಿಕೆ ಆಗುದಿಲ್ವಾ? ನಮ್ಮ ಪಿಟಿ ಟೀಚರ್ ನೋಡಿದ್ದಿದ್ರೆ ಗ್ರೌಂಡಿಂದ ಹೊರಗೆ ಹಾಕ್ತಿದ್ರು."

"ನಮ್ಮೋರೂ ಅಷ್ಟೇ," ಎಂದಳು ಭವ್ಯಶ್ರೀ. ನಿಜಕ್ಕೂ ಅವಳಿಗೆ ಒಳಗೊಳಗೆ ಸ್ವಲ್ಪ ತಪ್ಪು ಮಾಡಿದ ಹಾಗಾಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ನಕ್ಕ ಮೇಲೆ ಸಮೀಕ್ಷಾ ನಂಬರ್ ಕೊಟ್ಟಳು.

ವಾಪಸು ಬರುವಾಗ ವ್ಯಾನಿನಲ್ಲಿ ಹಾಡು, ಗಲಾಟೆ ಎಲ್ಲ ಸೆರೆಂಬಾನ್ ತಲುಪುವಷ್ಟರಲ್ಲಿ ತಣ್ಣಗಾಯಿತು. ಭವ್ಯಶ್ರೀ ಕಿಟಕಿಯ ಪಕ್ಕ ಕುಳಿತಿದ್ದಳು. ಗೆದ್ದದ್ದು ಗೆದ್ದಾಯಿತು, ಆದರೆ ಗೆಲ್ಲಿಸಿದ್ದು ರೋಹಿತನ ಕೈಯೇ ಹೊರತು ತನ್ನದಲ್ಲ, ಮೂವತ್ತು ಎಸೆತದಲ್ಲಿ ಎರಡು ಎದುರಾಳಿಗೆ ಕೊಟ್ಟವಳು ತಾನು ಎಂಬ ಲೆಕ್ಕ ಅವಳಿಗೂ ಬರುತ್ತಿತ್ತು. ಮುಂದಿನ ಸೀಟಿನಲ್ಲಿ ಗುರುದತ್ ಸರ್ ಮುಂದಿನ, ಪೆನಾಂಗಿನ ಪಂದ್ಯಕ್ಕೆ ಹೆಸರು ಕಳಿಸುವ ಪಟ್ಟಿ ತುಂಬುತ್ತಿದ್ದರು. ಐದು ಸಾಲಿನಲ್ಲಿ ನಾಲ್ಕನ್ನು ತುಂಬಿ, ಕ್ವಾರ್ಟರ್‌ಬ್ಯಾಕ್ ಎಂಬ ಸಾಲನ್ನು ಹಾಗೇ ಬಿಟ್ಟು, ಟ್ಯಾಬನ್ನು ಹಿಂದಕ್ಕೆ ರೋಹಿತನ ಕೈಗೆ ಕೊಟ್ಟರು.

ರೋಹಿತ ಒಂದು ಕೈಯಲ್ಲಿ ಎದೆ ನೀವಿಕೊಳ್ಳುತ್ತಿದ್ದ. ಆಂಟಿ ಹಚ್ಚಿದ ಅಮೃತಾಂಜನದ ವಾಸನೆ ವ್ಯಾನಿನ ತುಂಬ ಇತ್ತು. ಅವನು ಆ ಖಾಲಿ ಸಾಲನ್ನು ನೋಡಿದ. ಭವ್ಯಶ್ರೀ ಕಿಟಕಿಯ ಗಾಜಿನಲ್ಲಿ ಅವನನ್ನು ನೋಡಿದಳು. ಅವನು ಇನ್ನೊಂದು ಕೈಯ ಹೆಬ್ಬೆರಳಿನಿಂದ ಏನೋ ಒತ್ತಿದ, ಅಳಿಸಿದ, ಮತ್ತೆ ಒತ್ತಿದ, ಸೀಟಿನ ಮೇಲಿಂದ ಟ್ಯಾಬನ್ನು ಅವಳ ಮಡಿಲಿಗೆ ಹಾಕಿದ.

"ಯುವರ್ ಪಾಸ್‌ಪೋರ್ಟ್ ನಂಬರ್ ನನಗೆ ಗೊತ್ತಿಲ್ಲ ಲಾ," ಎಂದ. "ಅದನ್ನ ನೀನೇ ಹಾಕು."

ಖಾಲಿ ಬಿಟ್ಟಿದ್ದ ಸಾಲಿನಲ್ಲಿ ಅವಳ ಹೆಸರು ಹಾಕಿಯಾಗಿತ್ತು. ಅವಳು ಸಂಖ್ಯೆ ಒತ್ತತೊಡಗಿದಳು. ಬಾಯಿಪಾಠವಾಗಿದ್ದ ಸಂಖ್ಯೆ ಎರಡು ಸಲ ತಪ್ಪಿತು. ವ್ಯಾನು ಹೆದ್ದಾರಿ ಬಿಟ್ಟು ತಮಿಳು ಮುಸ್ಲಿಮರು ನಡೆಸುವ ಒಂದು ಮಾಮಾಕ್ ಹೋಟೆಲಿನ ಮುಂದೆ ನಿಂತು, ಯಾರಿಗೆ ಏನು ಬೇಕು, ಇಲ್ಲೇ ತಿನ್ನುವುದೋ ಪೊಟ್ಟಣ ಮಾಡಿ ತಾಪಾವ್ ಕಟ್ಟಿಸುವುದೋ ಎಂದು ಹಫೀಜ್ ಒಬ್ಬೊಬ್ಬರನ್ನೇ ಕೇಳುತ್ತಾ ಬಂದ. ಅವಳ ಹತ್ತಿರ ಮೂರು ಸಲ ಕೇಳಿದ. ನಾಲ್ಕನೆಯ ಸಲಕ್ಕೆ ಮಹಾಲಕ್ಷ್ಮಿ ಆಂಟಿ, ಅವಳಿಗೆ ಎರಡು ರೋಟಿ ಹೇಳಪ್ಪ, ಹುಡುಗಿ ಲೆಕ್ಕದಲ್ಲಿದ್ದಾಳೆ ಎಂದು ಅವನನ್ನು ಮುಂದಕ್ಕೆ ಕಳಿಸಿದರು.